ಗೆಲ್ಲುವ ಹೊತ್ತಿಗೆ ಹೆಸರು ತೆಗೆಸಿದವನು

"ನನ್ನ ಹೆಸರು ತೆಗೆದುಬಿಡಿ."

ತಲೆಯೆತ್ತುವ ಮೊದಲೇ ಅವಳ ಎದೆ ಧಸಕ್ಕೆಂದಿತು. ಈ ದನಿ! ವರ್ಷದಿಂದ ವಾರವಾರವೂ ಫೋನಿನಲ್ಲಿ ಕೇಳಿದ ದನಿ. ಮುಖ ಮಾತ್ರ ಇವತ್ತೇ ನೋಡುತ್ತಿರುವುದು.

ಅವಳು ಪ್ರಗತಿಪರ ವಾರಪತ್ರಿಕೆಯೊಂದರ ಉಪಸಂಪಾದಕಿ. ಅವನು ಪಾಡ್‌ಕಾಸ್ಟ್‌ನಲ್ಲಿ ರಾಜಕೀಯ ಮಾತಾಡುವವನು. ತನ್ನವರು ಪರರು ಎನ್ನದೆ ಎಲ್ಲ ನಾಯಕರ ಮಾತಿಗೂ ಕೊಕ್ಕೆ ಹಾಕುವುದರಿಂದ ಕೇಳುಗರ ಬಾಯಲ್ಲಿ 'ಕೊಕ್ಕೆ'. ಅವನ ಮಾತಿನ ಆಯ್ದ ಭಾಗ ವಾರವಾರವೂ ಪತ್ರಿಕೆಯಲ್ಲಿ ಬರುತ್ತಿತ್ತು. ಯಾರ ಮಾತನ್ನೇ ಅಚ್ಚು ಹಾಕಲಿ, ಮೊದಲು ಅವರಿಗೇ ಓದಿ ಹೇಳಿ 'ಸರಿ' ಅನ್ನಿಸಿಕೊಳ್ಳುವುದು ಪತ್ರಿಕೆಯ ಪದ್ಧತಿ. ಆ ನೆಪದಲ್ಲಿ ಅವನಿಗೆ ಮಾಡಿದ ಪುಟ್ಟ ಕರೆಗಳು ಎಲ್ಲೆಲ್ಲಿಗೋ ಹೋಗಿಬಿಡುತ್ತಿದ್ದವು...

ಈಗ 'ಓದುಗರ ಮೆಚ್ಚಿನವರು' ಮತದಾನ ನಡೆಯುತ್ತಿತ್ತು. ಮೆಚ್ಚಿನ ನಾಯಕಿ, ಮೆಚ್ಚಿನ ಅಂಕಣ, ಮೆಚ್ಚಿನ ದನಿ. ದನಿಯಲ್ಲಿ ಅವನೇ ಮುಂದೆ. ಉಸ್ತುವಾರಿ ಅವಳದು.

"ಗೆಲ್ತಾ ಇದ್ದೀರಿ! ಯಾಕೆ ತೆಗೀಬೇಕು?"

"ನಿಯಮ ಇದೆಯಲ್ಲ. ಪತ್ರಿಕೆಯವರ ಸಂಬಂಧಿಕರು ಸ್ಪರ್ಧೆಯಲ್ಲಿ ಇರಬಾರದು ಅಂತ."

ಅಷ್ಟು ಹೇಳಿ ಹೊರಟೇಹೋದ.

ಯಾರ ಸಂಬಂಧಿ? ಕಚೇರಿ ತುಂಬ ಗುಸುಗುಸು!

"ನನಗಂತೂ ಏನೂ ಆಗಬೇಕಿಲ್ಲಪ್ಪ," ಎಂದು ಕಚೇರಿಯವರೆಲ್ಲ 'ಮಾವ' ಎನ್ನುವ ಮುದ್ರಣದ ಹಿರಿಯರು ಕೈಯೆತ್ತಿದರು. "ನಮ್ಮ ವಂಶದಲ್ಲಿ ಗಂಡಸರು ಅಷ್ಟು ಮಾತಾಡೋಕೆ ಹೆಂಗಸರು ಬಿಟ್ಟಿಲ್ಲ."

ಸಂಪಾದಕಿಯಮ್ಮನಿಗೆ ನಗು ಬರಲಿಲ್ಲ. "ಹೋದ ವಾರ ನನ್ನ ಲೇಖನವನ್ನೇ ಜಾಡಿಸಿದ್ದಾನೆ. ಆ ಸಿಟ್ಟಿಗೆ ನಾವೇ ಕಿತ್ತುಹಾಕಿದ್ವಿ ಅಂತಾರೆ ಜನ. ಕಾರಣ ಅಚ್ಚಾಗಲೇಬೇಕು, ಇಲ್ಲಾಂದ್ರೆ ಮತದಾನವೇ ರದ್ದು!"

ಪುಟ ವಿನ್ಯಾಸದ ಹುಡುಗಿ ಅವನ ಒಂದು ಮಾತನ್ನೂ ಬಿಡದೆ ಕೇಳುತ್ತಾಳೆ. ಅವಳನ್ನೇ ಮದುವೆಯಾಗುತ್ತಿದ್ದಾನಾ? 'ಆಗಲಿ, ನನಗೇನು?' ಅಂದುಕೊಂಡಳು ಉಪಸಂಪಾದಕಿ. ಆದರೂ ಆ ಹುಡುಗಿಯ ಮೇಜಿನತ್ತಲೇ ಮತ್ತೆ ಮತ್ತೆ ನೋಡಿದಳು.

ಸಂಜೆ ಅವನ ಧ್ವನಿಮುದ್ರಣದ ಕೋಣೆಗೇ ಹೋದಳು. ಸದ್ದು ಒಳಬರದಂತೆ ಗೋಡೆಗೆಲ್ಲ ಹಳೆಯ ಕಂಬಳಿ ಬಡಿದಿದ್ದ ಇಕ್ಕಟ್ಟಿನ ಕೋಣೆ.

"ಯಾರ ಸಂಬಂಧಿ ನೀವು? ಹೇಳಿ, ಅಚ್ಚಿಗೆ ಹೋಗಬೇಕು."

ನಾಯಕರನ್ನು ತಡವರಿಸುವಂತೆ ಮಾಡುವವನು ತಾನೇ ತಡವರಿಸಿದ.

"ಇನ್ನೂ ಅಲ್ಲ... ಆಗಬೇಕು ಅಂತ ಆಸೆ. ಗೆದ್ದ ಮೇಲೆ ಕೇಳಿದ್ರೆ, ನೀವೇ ಗೆಲ್ಲಿಸಿದ್ರಿ ಅಂತ ನಿಮ್ಮ ಹೆಸರಿಗೆ ಮಸಿ ಬಳೀತಾರೆ. ಅದಕ್ಕೇ ಮೊದಲೇ..."

"ನನ್ನ... ಹೆಸರಿಗಾ?"

"ಮತ್ಯಾರದು?"

ಕೆನ್ನೆ ಬಿಸಿಯಾಯಿತು. ಅವಳಿಗೆ ಸಂತೋಷವೋ ಸಂತೋಷ! ಅದರ ಬೆನ್ನಿಗೇ ಸಿಟ್ಟೂ ಬಂತು.

"ನನ್ನನ್ನು ಒಂದು ಮಾತು ಕೇಳದೆ ಸಂಬಂಧಿ ಆಗಿಬಿಟ್ರಾ? ನಾನು ಬೇಡ ಅಂದಿದ್ರೆ?"

"ಗೆಲುವೂ ನೀವೂ, ಎರಡೂ ಹೋಗ್ತಿತ್ತು. ಆದ್ರೂ ನಿಮ್ಮ ಮತದಾನ ಉಳೀತಿತ್ತಲ್ಲ."

ಕಣ್ಣು ತುಂಬಿ ಬಂತು. ಮುಖ ತಗ್ಗಿಸಿ ಪೆನ್ನು ತೆಗೆದು ಗೀಚಿದಳು.

"ಓದಿ ಹೇಳ್ತೀನಿ, ಸರಿ ಇದ್ಯಾ ನೋಡಿ. 'ಈ ಪತ್ರಿಕೆಯ ಉಪಸಂಪಾದಕಿಯನ್ನು ಮದುವೆಯಾಗುವ ಆಸೆಯಿರುವುದರಿಂದ ನಾನು ಸ್ಪರ್ಧೆಯಿಂದ ಹಿಂದೆ ಸರಿದಿದ್ದೇನೆ.'"

"ಸರಿ ಇದೆ. ಆದರೆ..."

"ಇದಕ್ಕೂ ಕೊಕ್ಕೆನಾ?"

"ಆ ಕಡೆಯವರ ಪ್ರತಿಕ್ರಿಯೆ ಇಲ್ಲದೆ ಅಚ್ಚು ಹಾಕ್ತೀರಾ?"

ನಗುತ್ತಲೇ ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ಅದನ್ನೂ ಓದಿ ಹೇಳಿದಳು.

"'ಉಪಸಂಪಾದಕಿಯೂ ಒಪ್ಪಿದ್ದಾರೆ.'"

ಅವನು ಬಗ್ಗಿ ಆ ಸಾಲನ್ನೇ ನೋಡಿದ.

"ಸರಿ ಇದ್ಯಾ?"

"ಇನ್ನೊಂದ್ಸಲ ಓದಿ..."

ಓದಿದಳು.