ಸಂಹಿತಾಳ ಕಿವಿಯ ಮೆಷಿನ್

"ಸಂಹಿತಾ, ಚಕ್ಕುಲಿ ಬೇಕಾ?" ಹಿಂದಿನ ಬೆಂಚಿನಿಂದ ರಾಯ್‌ಸ್ಟನ್ ಕೇಳಿದ.

ಸಂಹಿತಾ ತಟ್ಟನೆ ತಿರುಗಿದಳು. "ಬೇಕು! ಎರಡು ಉಂಟಾ?"

ಪಕ್ಕದಲ್ಲಿ ಕೂತಿದ್ದ ಫಿಯೋನಾಳ ಮುಖ ಸಣ್ಣದಾಯಿತು. ಕಳೆದ ವರ್ಷದವರೆಗೆ ಸಂಹಿತಾಳಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಒಂದನೇ ಕ್ಲಾಸಿನಿಂದಲೂ ಅವಳ ಭುಜ ಮುಟ್ಟಿ, ಯಾರು ಎಂತ ಹೇಳಿದರು ಎಂದು ತುಟಿಯಾಡಿಸಿ ತಿಳಿಸುತ್ತಿದ್ದವಳು ಫಿಯೋನಾ. ಸ್ವರವೇ ಬೇಡ, ತುಟಿ ಆಡಿದರೆ ಸಾಕು, ಸಂಹಿತಾಳಿಗೆ ಗೊತ್ತಾಗುತ್ತಿತ್ತು.

ಈ ವರ್ಷ ಶಿರ್ವದ ಸೇವಾ ಕ್ಲಬ್ಬಿನವರು ಬೆಲ್ಜಿಯಂನ ಒಂದು ಕ್ಲಬ್ಬಿನ ಜೊತೆ ಸೇರಿ, ಕಿವಿ ಕೇಳದ ಮಕ್ಕಳಿಗೆ ಮೆಷಿನ್ ಕೊಡಿಸಿದರು. ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಂಹಿತಾಳ ಎರಡೂ ಕಿವಿಗೆ ಹಾಕಿಸಿದರು. ಈಗ ಕ್ಲಾಸಿನವರೆಲ್ಲ ಅವಳ ಫ್ರೆಂಡ್ಸ್.

ಅಷ್ಟರಲ್ಲಿ ವಿಲ್ಮಾ ಟೀಚರ್ ಒಳಗೆ ಬಂದರು. "ನಾಳೆ ಬೆಲ್ಜಿಯಂ ಕ್ಲಬ್ಬಿನವರು ನಮ್ಮ ಶಾಲೆಗೆ ಬರ್ತಾರೆ. ಸ್ವಾಗತ ಭಾಷಣ ಸಂಹಿತಾ ಮಾಡ್ತಾಳೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಫಿಯೋನಾ ಮಾತ್ರ ಪೆನ್ಸಿಲ್ ಕೆತ್ತುತ್ತಾ ಕೂತಳು. ಯಾವಾಗಲೂ ಸ್ವಾಗತ ಭಾಷಣ ಅವಳದ್ದೇ ಆಗಿತ್ತು.

ಸಂಜೆ ಬಸ್‌ಸ್ಟಾಪಿನಲ್ಲಿ ಸಂಹಿತಾ ಇಡೀ ಭಾಷಣವನ್ನು ಒಪ್ಪಿಸಿದಳು.

"ಹೇಗಾಯ್ತು? ಸತ್ಯ ಹೇಳು."

ಚಂದವೇ ಆಗಿತ್ತು. ಅದಕ್ಕೇ ಫಿಯೋನಾಳಿಗೆ ಇನ್ನೂ ಹೊಟ್ಟೆ ಉರಿಯಿತು.

"ನಿನ್ನ ಸ್ವರ ಮೂಗಿನಿಂದ ಬರ್ತದೆ ಮಾರಾಯ್ತಿ. ಎಲ್ಲರೂ ನಗಾಡ್ತಾರೆ."

"ನಗಾಡ್ತಾರಾ?"

"ನಗಾಡದೆ ಇರ್ತಾರಾ?"

ಬಸ್ ಬಂದಾಗ ಸಂಹಿತಾ ಟಾಟಾ ಕೂಡ ಮಾಡದೆ ಹತ್ತಿದಳು. ಫಿಯೋನಾಳಿಗೆ ಸ್ವಲ್ಪ ಹೊತ್ತು ಖುಷಿಯಾಯಿತು. ಮನೆ ಮುಟ್ಟುವಷ್ಟರಲ್ಲಿ ಆ ಖುಷಿ ಇರಲಿಲ್ಲ.

ಮರುದಿನ ಶಾಲೆಯ ಹಾಲ್ ತುಂಬಿತ್ತು. ಎದುರಿನ ಸಾಲಿನಲ್ಲಿ ಕ್ಲಬ್ಬಿನ ಅಧ್ಯಕ್ಷರಾದ ಲಿಗೋರಿ ಅಂಕಲ್, ಅವರ ಪಕ್ಕದಲ್ಲಿ ಬೆಲ್ಜಿಯಂನಿಂದ ಬಂದ ಬಿಳಿ ಕೂದಲಿನ ಅಜ್ಜಿ. ಸಂಹಿತಾ ಮೈಕಿನ ಮುಂದೆ ಬಂದು ನಿಂತಳು. ಮಕ್ಕಳನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಎರಡೂ ಕಿವಿಯ ಮೆಷಿನ್ ತೆಗೆದು ಮುಷ್ಟಿಯೊಳಗೆ ಹಿಡಿದುಕೊಂಡಳು.

"ಅಯ್ಯೋ, ಎಂತಕ್ಕೆ ತೆಗೆದದ್ದು?" ವಿಲ್ಮಾ ಟೀಚರ್ ಗಾಬರಿಯಾದರು.

ಎಂತಕ್ಕೆಂದು ಫಿಯೋನಾಳಿಗೆ ಮಾತ್ರ ಗೊತ್ತಿತ್ತು. ನಗು ಕೇಳಬಾರದು, ಅದಕ್ಕೆ.

ಸಂಹಿತಾ ಮಾತನಾಡತೊಡಗಿದಳು. ತನ್ನ ಸ್ವರ ತನಗೇ ಕೇಳದೆ ಒಮ್ಮೆ ಕಿರುಚಿದಂತಾಯಿತು, ಒಮ್ಮೆ ಮಾತು ಬಾಯಲ್ಲೇ ಉಳಿಯಿತು. ಯಾರೂ ನಗಲಿಲ್ಲ. ಮುಗಿದಾಗ ಆ ಅಜ್ಜಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಸೂಪರ್!" ಎಂದು ರಾಯ್‌ಸ್ಟನ್ ಕೂಗಿದ. ಸಂಹಿತಾ ಯಾವುದನ್ನೂ ಕೇಳಿಸಿಕೊಳ್ಳದೆ, ತಲೆ ತಗ್ಗಿಸಿಕೊಂಡು ಹೊರಗೆ ಹೋದಳು.

ಫಿಯೋನಾ ಹಿಂದೆಯೇ ಓಡಿದಳು. ಸಂಹಿತಾ ಕುಡಿಯುವ ನೀರಿನ ನಳ್ಳಿಯ ಹತ್ತಿರ ನಿಂತಿದ್ದಳು.

"ತುಂಬಾ ನಗಾಡಿದ್ರಾ?" ಎಂದು ಕೇಳಿ ಫಿಯೋನಾಳ ತುಟಿಯನ್ನೇ ನೋಡಿದಳು.

ಹೀಗೆ ಸಂಹಿತಾ ತನ್ನ ತುಟಿಯನ್ನು ಮಾತ್ರ ನೋಡಬೇಕೆಂದು ಫಿಯೋನಾ ಎಷ್ಟು ದಿನ ಆಸೆಪಟ್ಟಿದ್ದಳು! ಈಗ ಅವಳಿಗೆ ಆ ನೋಟವನ್ನು ತಡೆದುಕೊಳ್ಳಲಾಗಲಿಲ್ಲ.

ಇಲ್ಲ ಎಂದು ತಲೆಯಾಡಿಸಿದಳು. ಮುಂದಿನದ್ದನ್ನೂ ತುಟಿಯಲ್ಲೇ ಹೇಳಿಬಿಡಬಹುದಿತ್ತು, ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಫಿಯೋನಾ ಗೆಳತಿಯ ಮುಷ್ಟಿ ಬಿಡಿಸಿ, ಕಿವಿಗೆ ಹಾಕಿಕೋ ಎಂದು ಸನ್ನೆ ಮಾಡಿದಳು.

ಸಂಹಿತಾ ಅನುಮಾನಿಸುತ್ತಲೇ ಒಂದನ್ನು ಹಾಕಿಕೊಂಡಳು, ಮತ್ತೆ ಇನ್ನೊಂದನ್ನು.

"ಯಾರೂ ನಗಾಡ್ಲಿಲ್ಲ! ನಿನ್ನ ಭಾಷಣ ನಿನ್ನೆಯೇ ಚಂದ ಇತ್ತು. ನಾನು ಸುಳ್ಳು ಹೇಳಿದ್ದು!"

ನೀರು ಕುಡಿಯುತ್ತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. ಸಂಹಿತಾ ನಗಲಿಲ್ಲ. ಕಿವಿಯ ಮೆಷಿನನ್ನು ಒಮ್ಮೆ ಮುಟ್ಟಿಕೊಂಡಳು.

"ಅಷ್ಟು ಜೋರು ಬೇಡ," ಎಂದಳು. "ನನಗೆ ಕೇಳ್ತದೆ."

ಫಿಯೋನಾ ತಾನು ಹೇಳಿದ್ದನ್ನೇ ಇನ್ನೊಮ್ಮೆ ಮೆಲ್ಲ ಹೇಳಿದಳು.