ಹೂಂ ಇಲ್ಲದ ಒಂದು ದಿನ

"ರಂಜನಾ ಅಂದ್ರ ನೀವೇನ್ರಿ?"

ಕೀಲಿಮಣೆಯ ಮೇಲೆ ಅವಳ ಬೆರಳು ನಿಂತವು. ಪರನಾಡಿನ ಮಗರಪಟ್ಟಾದ ಆ ಸಾಫ್ಟ್‌ವೇರ್ ಆಫೀಸಿನಲ್ಲಿ ಅವಳ ಊರಿನ ಮಾತು ಕಿವಿಗೆ ಬಿದ್ದದ್ದೇ ಇಲ್ಲ.

"ನಾ ಬಸವಪ್ರಭು. ಪ್ರಾಕ್ಸಿ ಸರ್ವರ್ ನೋಡ್ಕೊಳ್ಳಾಂವ, ಅಂದ್ರ ಆಫೀಸಿಂದ ಇಂಟರ್ನೆಟ್ಟಿಗೆ ಹೋಗೂ ಬಾಗಲ ಕಾಯಾಂವ. ಎಲ್ಲಾರೂ ಬರ್ತಾರ, ಹೋಗ್ತಾರ. ನಿಮ್ಮ ಪ್ರೋಗ್ರಾಂ ಒಂದು ಮುಂಜಾನಿಂದ ಬಾಗಲದಾಗ ಕಾಲಿಟ್ಕೊಂಡು ನಿಂತದ. ಹೊರಗ ಹಾಕಿದ್ರೂ ಮತ್ತ ಬರ್ತದ. ಯಾರ ಜೋಡಿ ಇಷ್ಟು ಮಾತು?"

"ಅವ್ವನ ಜೋಡಿ... ಆಕಿಗೆ ಮಾತು ಬರೂದಿಲ್ರಿ."

ಅವನ ಮುಖದ ನಗು ಆರಿತು.

ಅದು ೨೦೦೭ನೆಯ ಇಸವಿ. ಆ ಮಹಡಿಗೆ ಮೊಬೈಲ್ ಒಯ್ಯುವಂತಿರಲಿಲ್ಲ. ಅದೇ ಊರಿನ ಇನ್ನೊಂದು ತುದಿಯ ನಿಗಡಿಯ ಮನೆಯಲ್ಲಿ ತಾಯಿ ಚನ್ನಬಸವ್ವ ಲಕ್ವಾ ಹೊಡೆದು ಮಲಗಿದ್ದಳು. ಒಂದೇ ಬೆರಳು ಆಡುತ್ತಿತ್ತು. ಮಂಚದ ಬಳಿಯ ಹಳೆಯ ಕಂಪ್ಯೂಟರಿನ ಕೀಲಿ ಒತ್ತಿದರೆ ಮಗಳ ಪರದೆಯಲ್ಲಿ ಕೆಂಪು ಚುಕ್ಕೆ ಹತ್ತಬೇಕು, ಮಗಳು ಆಫೀಸಿನ ಫೋನಿನಿಂದ ನೆರೆಮನೆಯ ಸಾಬವ್ವನಿಗೆ ಫೋನ್ ಮಾಡಬೇಕು. ಪ್ರಾಕ್ಸಿಯ ಬಳಿ 'ನಮ್ಮ ಮನೆಯತನಕ ದಾರಿ ಬಿಡು' ಎಂದು ಕೇಳಿ, ಸಿಕ್ಕ ದಾರಿಯನ್ನು ಮುಚ್ಚದೆ ಹಿಡಿದುಕೊಳ್ಳುವ ಕೋಡನ್ನು ರಂಜನಾಳೇ ಬರೆದಿದ್ದಳು.

"ದಾರಿ ಐದು ನಿಮಿಷ ಸುಮ್ನ ಕುಂತ್ರ, ಅದು ಸತ್ತದಂತ ತಿಳದು ಪ್ರಾಕ್ಸಿ ಕಡೀತದ್ರಿ," ಎಂದ ಅವನು. "ನಿಮಿಷಕ್ಕೊಮ್ಮೆ 'ಅದೀನಿ' ಅಂತ ಒಂದು ಮಾತು ಕಳಸ್ರಿ. ಸಾಹೇಬರಿಗೆ ನಾ ಹೇಳ್ತೀನಿ."

ದಾರಿ ಕಡಿಯದೆ ಉಳಿಯಿತು. ಅವನ ಹೆಜ್ಜೆಯ ಸಪ್ಪಳಕ್ಕೆ ಅವಳ ಎದೆ ಕಾಯತೊಡಗಿತು...

ರವಿವಾರಕ್ಕೊಮ್ಮೆ ನಿಗಡಿಗೆ ಬಂದು ಅವನು ಚನ್ನಬಸವ್ವನಿಗೆ ಕಥೆ ಹೇಳುತ್ತಿದ್ದ. ಮಾತಿದ್ದ ಕಾಲದಲ್ಲಿ ಆಕೆ, ಮಗಳು ಹೂಂ ಅನ್ನದಿದ್ದರೆ ಕಥೆ ನಿಲ್ಲಿಸಿ ಹೇಳುತ್ತಿದ್ದುದೊಂದೇ: "ಹೂಂ ಅನ್ನಾವ್ರಿಲ್ಲದ ಕಥಿ ಗ್ವಾಡಿಗೆ ಹೇಳಿದಂಗ." ಈಗ ಆಕೆ ಬೆರಳೆತ್ತಿ ಹೂಂಗುಡುತ್ತಿದ್ದಳು. ಶಿವ ಕೊಟ್ಟ ಸುಖಕ್ಕೆ ಅಷ್ಟೇ ಆಯುಷ್ಯ.

ಶ್ರಾವಣದ ಸೋಮವಾರ. ಪರದೆಯ ಹಸಿರು ದೀಪ ಎಂದಿನಂತೆ 'ದಾರಿ ಇದೆ' ಎನ್ನುತ್ತಿತ್ತು. ಕೆಂಪು ಚುಕ್ಕೆ ಹತ್ತಲೇ ಇಲ್ಲ. ಮಧ್ಯಾಹ್ನ ಸಾಬವ್ವನ ಫೋನು ಬಂತು.

"ಗಂಜಿ ಕುಡಸಾಕ ಹೋದೆ... ಮೈ ತಣ್ಣಗಾಗಿತ್ತವ್ವಾ. ಬೆರಳು ಕೀಲಿ ಮ್ಯಾಲೇ ಇತ್ತು."

ಅವ್ವ ಕರೆದಿದ್ದಳು. ಯಾರಿಗೂ ಕೇಳಿರಲಿಲ್ಲ.

ಮಣ್ಣು ಮಾಡಿ ಬಂದವಳು ಕೇಳಿದ್ದು ಒಂದೇ. "ದಾರಿ ಯಾಕ ಕಡೀತ್ರಿ?"

ಬಸವಪ್ರಭು ಕೈಯಲ್ಲಿದ್ದ ಕಾಗದವನ್ನು ಮಡಚಿ ಕಿಸೆಗಿಟ್ಟ. "ನಾನ... ಪ್ರಾಕ್ಸಿ ನಿಲ್ಲಿಸಿದ್ದೆ. ನಿಮಗ ಹೇಳೂದು ಮರ್ತೆ."

"ನಿಮ್ಮ ಮಾರಿ ಇನ್ನೊಮ್ಮೆ ತೋರಸಬ್ಯಾಡ್ರಿ."

ಅವನು ನೌಕರಿ ಬಿಟ್ಟು ತನ್ನ ಮನೆಯವರು ನೆಲೆಸಿದ್ದ ರೈಲು ಜಂಕ್ಷನ್ನಿನ ಊರು ದೌಂಡಕ್ಕೆ ಹೋದ. ಅವಳು ಅವನನ್ನು ದ್ವೇಷಿಸಿಯೇ ಜೀವ ಹಿಡಿದುಕೊಂಡಳು.

ಏಳು ತಿಂಗಳ ಮೇಲೆ ಪ್ರಾಕ್ಸಿಯನ್ನು ಬದಲಿಸುವ ಕೆಲಸ ಅವಳ ಪಾಲಿಗೆ ಬಂತು. ಹಳೆಯ ದಾಖಲೆ ತಿರುವುವಾಗ ಆ ಸೋಮವಾರ ಕಣ್ಣಿಗೆ ಬಿತ್ತು.

ಪ್ರಾಕ್ಸಿ ಆ ದಿನ ಒಂದು ಗಳಿಗೆಯೂ ನಿಂತಿರಲಿಲ್ಲ. ಸತ್ತದ್ದು ಮನೆಯ ಕಡೆಯ ಲೈನು, ಬೆಳಿಗ್ಗೆ ಹತ್ತೂಕಾಲಿಗೆ. ಆಮೇಲೂ ಅವಳ ಕೋಡು ನಿಮಿಷಕ್ಕೊಮ್ಮೆ 'ಅದೀನಿ, ಅದೀನಿ' ಎಂದು ಪ್ರಾಕ್ಸಿಗೆ ಒಪ್ಪಿಸುತ್ತಲೇ ಇತ್ತು. ಮಾತು ಹೊರಟರೆ ಸಾಕು, ಹಸಿರು ದೀಪ. ಆ ಕಡೆಯಿಂದ ಉತ್ತರ ಬಂತೇ ಎಂದು ನೋಡುವ ಸಾಲನ್ನು ಅವಳು ಬರೆದೇ ಇರಲಿಲ್ಲ.

ಹೂಂ ಕೇಳದಿದ್ದರೆ ಕಥೆ ನಿಲ್ಲಿಸುತ್ತಿದ್ದ ತಾಯಿಯ ಮಗಳು...

'ಅವನಿಗೆ ಗೊತ್ತಿತ್ತು. ಕಿಸೆಯಲ್ಲಿಟ್ಟ ಕಾಗದ ಈ ದಾಖಲೆಯದೇ.'

ಮರುದಿನ ಮುಂಜಾನೆಯ ಗಾಡಿಗೆ ದೌಂಡದಲ್ಲಿ ಇಳಿದಳು. ವಿಚಾರಿಸುತ್ತ ಹೋದಾಗ, ಸ್ಟೇಷನ್ನಿನ ಹಿಂದೆ ಅವನು ಪಾಠ ಹೇಳುವ ಕಂಪ್ಯೂಟರ್ ಕ್ಲಾಸಿನ ಬಾಗಿಲಲ್ಲೇ ಸಿಕ್ಕ. ಸೊರಗಿದ್ದ.

"ಸುಳ್ಳು ಯಾಕ ಹೇಳಿದ್ರಿ?"

"ನನ್ನ ಮ್ಯಾಲ ಸಿಟ್ಟಿದ್ರ ಬದುಕ್ತೀರಿ. ನಿಮ್ಮ ಮ್ಯಾಲ ನಿಮಗ ಸಿಟ್ಟು ಬಂದ್ರ... ಅಂಜಿದೆ."

"ಅದು ನನ್ನ ತಪ್ಪು. ನನಗ ಕೊಟ್ಟ ಬಿಡ್ರಿ."

"ಕೊಟ್ಟೆ. ಆದ್ರ ನೀ ಒಬ್ಬಾಕಿನ ಅದನ್ನ ಹೊರಬ್ಯಾಡ. ನಿನ್ನ ಬಿಟ್ಟು ನನಗೂ ಇರಾಕ ಆಗೂದಿಲ್ಲ, ರಂಜನಾ."

ಅವಳು ಮೆಟ್ಟಿಲ ಮೇಲೆ ಕೂತಳು. ಅವನೂ ಪಕ್ಕದಲ್ಲಿ ಕೂತ. ಸೋಲಾಪುರದ ಗಾಡಿಯೊಂದು ಕೂಗಿ ಹೋಯಿತು.

"ಒಂದೂರಾಗ ಒಬ್ಬಾಕಿ ತಾಯಿ ಇದ್ಲು..." ಎಂದಳು ರಂಜನಾ. ಮುಂದೆ ಹೇಳದೆ ಅವನ ಮುಖ ನೋಡಿದಳು.

"ಹೂಂ," ಎಂದ ಬಸವಪ್ರಭು.