ಸತ್ತವನು ಟೀ ಕುಡಿದ ಕಥೆ

ಟಪ್!

ಕೈಯಲ್ಲಿದ್ದ ಫೈಲಿನ ಮೇಲೆ ಬೂದು ಬಣ್ಣದ ಹನಿ ಬಿತ್ತು. "ಯಾರ್ರೀ ಅದು, ಕಣ್ಣು ಕಾಣಲ್ವಾ?" ಎಂದು ರೇಗುತ್ತಲೇ ಅವಳು ತಲೆಯೆತ್ತಿದಳು.

ಏಣಿಯ ಮೇಲೆ ಕುಂಚ ಹಿಡಿದು ನಿಂತವನನ್ನು ಕಂಡು ಫೈಲು ಒರೆಸುವುದನ್ನೇ ಮರೆತಳು.

ಅವನೇ... ಎಂಟು ವರ್ಷದ ಹಿಂದೆ ಒಂದು ಮಾತೂ ಹೇಳದೆ ಕೆಲಸ ಬಿಟ್ಟು ಹೋದ ಪೇಂಟರ್!

"ಕ್ಷಮಿಸಿ ಮೇಡಂ. ಹಳೇ ನೌಕೆ ಮತ್ತೆ ಕಥೇಲಿ ಬರುತ್ತಂತೆ, ಸೆಟ್ಟಿನ ಗೋಡೆಗೆ ಬಣ್ಣ ಹಚ್ಚೋಕೆ ಕರೆದ್ರು. ಇವತ್ತು ಸಂಜೆ ಮುಗಿಸಿ ಹೊರಡ್ತೀನಿ."

ಮೇಡಂ ಅಂತೆ, ಮೇಡಂ! ಇಡೀ ಸ್ಟುಡಿಯೋ ಅವಳ ಬೆನ್ನ ಹಿಂದೆ 'ಚೀಟಿಯಮ್ಮ' ಅನ್ನುತ್ತಿತ್ತು. ಎದುರಿಗೇ ಹಾಗೆ ಕರೆಯುವ ಧೈರ್ಯ ಇದ್ದದ್ದು ಇವನೊಬ್ಬನಿಗೆ.

ಬಾಹ್ಯಾಕಾಶದ ಆ ಧಾರಾವಾಹಿಗೆ ಈಗ ಹದಿನಾಲ್ಕನೇ ಸೀಸನ್. ಯಾವ ಸೀಸನ್‌ನಲ್ಲಿ ಯಾರು ಸತ್ತರು, ಯಾರ ಕೈಗೆ ಗಾಯವಾಗಿತ್ತು, ಎಲ್ಲವನ್ನೂ ತಾಳೆ ನೋಡುವುದು ಅವಳ ಕೆಲಸ. ಎಡಿಟ್ ಆದ ಪ್ರತಿ ಕಂತಿನ ಕಥೆಯನ್ನೂ ತನ್ನ ಕೋಣೆಯಲ್ಲಿ ಕೂತು ನೋಡುವಳು, ತಪ್ಪು ಕಂಡರೆ ಹಳದಿ ಚೀಟಿ ಕಳಿಸುವಳು. ಹೆಚ್ಚು ಚೀಟಿ ಹೋಗುತ್ತಿದ್ದುದು ಇವನಿಗೇ. ನೌಕೆಯ ಗೋಡೆಗಳ ಮೇಲೆ ಅನ್ಯಗ್ರಹದ ಲಿಪಿ ಬರೆಯುವವನು ಇವನು, ಆ ಲಿಪಿ ಕಟ್ಟಿ ಇವನಿಗೆ ಕಲಿಸಿದವಳು ಅವಳು. ಅದನ್ನು ಓದಬಲ್ಲವರು ಇವರಿಬ್ಬರೇ.

"ಇಷ್ಟು ವರ್ಷ ಎಲ್ಲಿದ್ರಿ?" ಎಂದಳು.

"ಚೀಟಿಗೆ ಕಾಯೋ ಕೆಲಸ ಇಲ್ಲದ ಕಡೆ." ಅವನು ಗೋಡೆಯ ಕಡೆ ತಿರುಗಿಕೊಂಡ.

ನನ್ನ ಕಾಟ ತಡೀಲಾರದೆ ಓಡಿ ಹೋದನಾ? ಕಣ್ಣು ತುಂಬಿ ಬಂದು, ಅವಳು ದಡದಡನೆ ತನ್ನ ಕೋಣೆಗೆ ನಡೆದಳು.

ಅಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ನಿರ್ಮಾಪಕರು. "ಎಲ್ಲಾ ಸೀಸನ್ ಹೊಸದಾಗಿ ಜೋಡಿಸಿ ಮತ್ತೆ ಟೀವೀಲಿ ಹಾಕ್ತಿದ್ದೀವಮ್ಮ. ಆ ಸತ್ತ ಎಂಜಿನಿಯರ್ ವಿಷಯ ಇವತ್ತೇ ಇತ್ಯರ್ಥ ಮಾಡು. ಜನ ಇನ್ನೂ ನಗ್ತಾರೆ."

ನಗದೆ ಏನು ಮಾಡಿಯಾರು? ಆರನೇ ಸೀಸನ್‌ನ ಕೊನೆಯಲ್ಲಿ ಎಂಜಿನಿಯರ್ ಸಾಯುತ್ತಾನೆ. ನೋಡಿದವರು ಗೊಳೋ ಎಂದು ಅತ್ತಿದ್ದರು. ಏಳನೇ ಸೀಸನ್‌ನ ಮೂರನೇ ಕಥೆಯಲ್ಲಿ ನೋಡಿದರೆ ಅದೇ ಪುಣ್ಯಾತ್ಮ ಆರಾಮಾಗಿ ಕೂತು ಟೀ ಕುಡಿಯುತ್ತಾನೆ!

ಆರನೇ ಸೀಸನ್‌ಗೆ ಒಂಬತ್ತನೆಯದೆಂದು ತೆಗೆದ ತಮಾಷೆಯ ಕಥೆ ಅದು. ಆ ಸೀಸನ್ ಹೋಗ್ತಾ ಹೋಗ್ತಾ ಗಂಭೀರವಾಯಿತು, ತಮಾಷೆ ಹೊಂದಲಿಲ್ಲ, ಎಡಿಟ್ ಮಾಡದೆಯೇ ಪಕ್ಕಕ್ಕಿಟ್ಟರು. ಮುಂದಿನ ವರ್ಷ ಒಂದು ಕಥೆ ಕಡಿಮೆ ಬಿದ್ದಾಗ ತೆಗೆದು ತುರುಕಿದರು. ಆಗ ಅವಳು ಅಮ್ಮನ ಆಪರೇಷನ್ನಿಗೆಂದು ರಜೆಯಲ್ಲಿದ್ದಳು. ಅವಳ ಕಣ್ಣು ತಪ್ಪಿಸಿ ಹೋದ ಕಥೆ ಅದೊಂದೇ. ನಾಚಿಕೆಗೆ ಆಮೇಲೂ ನೋಡಿರಲಿಲ್ಲ.

ಇವತ್ತು ನೋಡಲೇಬೇಕಾಯಿತು.

ಹನ್ನೊಂದನೇ ನಿಮಿಷ. ಎಂಜಿನಿಯರ್ ಲೋಟ ಎತ್ತಿದ. ಅವನ ಬೆನ್ನ ಹಿಂದಿನ ಗೋಡೆ... ಅವಳು ಚಿತ್ರ ನಿಲ್ಲಿಸಿದಳು.

ಅಲ್ಲಿ ಆ ಅನ್ಯಗ್ರಹದ ಲಿಪಿಯಲ್ಲಿ 'ಇಂಧನ ಕೊಠಡಿ' ಎಂದಿರಬೇಕಿತ್ತು. ಇದ್ದದ್ದೇ ಬೇರೆ.

'ಚೀಟಿಯಮ್ಮಾ, ನನ್ನನ್ನ ಮದುವೆ ಆಗ್ತೀರಾ? ಬಾಯಿಬಿಟ್ಟು ಕೇಳೋ ಧೈರ್ಯ ಇಲ್ಲ. ಒಪ್ಪಿಗೆ ಇದ್ರೆ ಈ ಗೋಡೆಗೆ ಒಂದು ಹಳದಿ ಚೀಟಿ ಕಳಿಸಿ. ಇಲ್ಲದಿದ್ರೆ ಸುಮ್ಮನಿದ್ದುಬಿಡಿ. ಮತ್ತೆ ಕೇಳಲ್ಲ.'

ಇನ್ನೊಮ್ಮೆ ಓದಿದಳು. ಅಕ್ಷರಗಳು ಅವೇ.

ದೇವರೇ... ಈ ಮಾತು ಲಕ್ಷಾಂತರ ಮನೆಗಳ ಟೀವಿಯಲ್ಲಿ ಬಂದು ಹೋಗಿದೆ. ಓದಬೇಕಾದವಳು ಮಾತ್ರ ಆಸ್ಪತ್ರೆಯ ಬೆಂಚಿನ ಮೇಲಿದ್ದಳು. ಚೀಟಿಗೆ ಕಾಯೋ ಕೆಲಸ ಅಂದದ್ದು ಇದಕ್ಕಾ?

ಗಡಿಯಾರ ನೋಡಿದಳು. ಐದು ಗಂಟೆ! ಹಳದಿ ಚೀಟಿಯಲ್ಲಿ ನಾಲ್ಕು ಸಾಲು ಗೀಚಿ, ಎದ್ದು ಓಡಿದಳು.

ಅವನು ಕುಂಚ ತೊಳೆದು ಚೀಲಕ್ಕೆ ಹಾಕುತ್ತಿದ್ದ.

"ಹೋಗ್ಬೇಡಿ... ನಿಮ್ಮ ಗೋಡೆ ಈಗ ನೋಡ್ದೆ. ಎಂಜಿನಿಯರ್ ಟೀ ಕುಡಿಯೋ ಗೋಡೆ."

ಅವನ ಕೈಯಿಂದ ಚೀಲ ಜಾರಿತು. "ಈಗಲಾ?"

"ಈಗ್ಲೇ. ಆರನೇ ಸೀಸನ್‌ನಲ್ಲಿ ಆ ಕಥೆ ಬರಲೇ ಇಲ್ಲ. ಏಳರಲ್ಲಿ ಹಾಕಿದಾಗ ನಾನು ರಜೇಲಿದ್ದೆ. ನಿಮಗೆ ಗೊತ್ತಾಗ್ಲಿಲ್ವಾ?"

"ನಾನೆಲ್ಲಿ ಟೀವಿ ನೋಡ್ತೀನಿ..." ಅವನು ಏಣಿಯ ಮೆಟ್ಟಿಲ ಮೇಲೆ ಕುಸಿದು ಕೂತ. "ಸೀಸನ್ ಮುಗಿಯೋವರೆಗೂ ಕಾದೆ. ಎಲ್ಲಾ ಕಥೆಗೂ ಚೀಟಿ ಬಂತು, ಆ ಗೋಡೆಗೆ ಮಾತ್ರ ಬರ್ಲಿಲ್ಲ. ಮನಸ್ಸಿಲ್ಲ ಅಂದ್ಕೊಂಡೆ."

"ನಾನು ಎಂಟು ವರ್ಷ ನಿಮ್ಮನ್ನ ಬೈಕೊಂಡೇ ಇದ್ದೆ. ಹೇಳದೆ ಹೋದ ಕಲ್ಲು ಮನಸ್ಸಿನೋರು ಅಂತ. ಒಂದು ದಿನಾನೂ ಮರೀಲಿಲ್ಲ." ಅವಳು ಚೀಟಿಯನ್ನು ಮುಷ್ಟಿಯಲ್ಲಿ ಮುದುಡಿದಳು. "ನಿಮಗೆ... ಮದುವೆ ಆಯ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ. "ನಿಮಗೆ?"

"ಚೀಟಿ ಬರೆಯೋದ್ರಲ್ಲೇ ಆಯ್ತು, ಪುರುಸೊತ್ತೆಲ್ಲಿ?"

ಮುದುಡಿದ ಹಳದಿ ಚೀಟಿಯನ್ನು ಅವನ ಕೈಗಿಟ್ಟಳು. ಅವನು ಒಂದೊಂದೇ ಪದವಾಗಿ ಓದಿದ.

'ಆರನೇ ಸೀಸನ್, ಒಂಬತ್ತನೇ ಕಥೆ. ಎಂಜಿನಿಯರ್ ಹಿಂದಿನ ಗೋಡೆ. ಕಥೆಯನ್ನು ಅದರ ಜಾಗಕ್ಕೆ ಸೇರಿಸುತ್ತಿದ್ದೇನೆ. ಒಪ್ಪಿಗೆ.'

"ಹಾಗಾದ್ರೆ ಎಂಜಿನಿಯರ್ ಗತಿ?" ಅವನ ಮಾತು ತೊದಲಿತು.

"ಇನ್ಮೇಲೆ ಟೀ ಕುಡಿದೇ ಸಾಯ್ತಾನೆ, ಪಾಪ."

ಇಬ್ಬರೂ ನಕ್ಕರು. ನಗುತ್ತಲೇ ಅವಳಿಗೆ ಅಳು ಬಂತು. ಬಣ್ಣ ಮೆತ್ತಿದ ಬೆರಳಿನಿಂದಲೇ ಅವನು ಅವಳ ಕೆನ್ನೆ ಒರೆಸಿದ.

"ಚೀಟಿಯಮ್ಮಾ..."

"ಹೂಂ?"

"ಆ ಗೋಡೇಲಿ ತಪ್ಪೇನೂ ಇರ್ಲಿಲ್ವಾ?"

"ಮೂರಿತ್ತು," ಎಂದಳು. "ಒಂದನ್ನೂ ತಿದ್ದಲ್ಲ."